ಅಕ್ಕಿ ಪೆಟ್ಟಿಗೆ ಟಿಕ್ ಎನ್ನಲಿಲ್ಲ

ಟಿಕ್. ಮೊದಲು ಬೀರು. ಆಮೇಲೆ ಮಂಚದ ಕೆಳಗಿನ ಟ್ರಂಕು; ಅದಕ್ಕೆ ತುಕ್ಕು ಹಿಡಿದಿರುವುದರಿಂದ ಟಿಕ್ ಎನ್ನುವ ಮೊದಲು ಗಂಟಲು ಸರಿಮಾಡಿಕೊಂಡಂತೆ ಕರಕರ ಎನ್ನುತ್ತದೆ. ಆಮೇಲೆ ಅತ್ತೆಯ ನಶ್ಯದ ಡಬ್ಬಿಯ ಪುಟ್ಟ ಬೀಗ, ಮುಂಬಾಗಿಲು, ಗೋಡೆಯಾಚೆ ಪಕ್ಕದ ಮನೆಯವರದು, ಅದರಾಚೆಯವರದು. ನಡುರಾತ್ರಿ ಬೀಗಗಳೆಲ್ಲ ತಮ್ಮಷ್ಟಕ್ಕೆ ತೆರೆದುಕೊಳ್ಳುವ ಈ ಸದ್ದಿಗೆ ನಮ್ಮೂರಿನಲ್ಲಿ ಯಾರಿಗೂ ಎಚ್ಚರವಾಗುವುದಿಲ್ಲ. ನಾನು ಮಾತ್ರ ಕಾಯುತ್ತಿರುತ್ತೇನೆ. ಎಲ್ಲವೂ ಸರಿಯಾಗಿ ತೆರೆದುಕೊಂಡವೆಂದು ಕಿವಿಗೆ ಖಾತ್ರಿಯಾಗದೆ ನನಗೆ ನಿದ್ದೆ ಹತ್ತುವುದಿಲ್ಲ. ಆ ಬುಧವಾರ ರಾತ್ರಿ ಮುಂಬಾಗಿಲಿನ ಹಿಂದೆಯೇ ಬರಬೇಕಾಗಿದ್ದ ಒಂದು ಸದ್ದು ಬರಲಿಲ್ಲ. ಅಕ್ಕಿ ಪೆಟ್ಟಿಗೆ ಟಿಕ್ ಎನ್ನಲಿಲ್ಲ.

ಎದ್ದು ಕತ್ತಲಲ್ಲೇ ಅಡುಗೆಮನೆಗೆ ಹೋದೆ. ಮುಚ್ಚಳದ ಅಂಚಿಗೆ ಬೆರಳು ಕೊಟ್ಟು ಎತ್ತಿದೆ. ಬರಲಿಲ್ಲ. ಎರಡೂ ಕೈ ಹಾಕಿ ಎತ್ತಿದೆ. ಪೆಟ್ಟಿಗೆಯೇ ನೆಲ ಬಿಟ್ಟು ಮೇಲೆದ್ದಿತೇ ಹೊರತು ಮುಚ್ಚಳ ಬಿಡಲಿಲ್ಲ. ನಿಂತಲ್ಲೇ ನಿಂತ ವಸ್ತುವೊಂದು ನಡುರಾತ್ರಿ ದಾಟಿಯೂ ಬೀಗ ಹಿಡಿದುಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಕಂಡವರನ್ನೂ ಕಂಡಿರಲಿಲ್ಲ. ಮೊದಲು ಹೆದರಿಕೆಯಾಯಿತು. ಆಮೇಲೆ, ಆ ಬೀಗ ನಾನೇ ಕೂಡಿಸಿದ್ದು ಎಂಬುದು ನೆನಪಾಗಿ, ನೆಲದ ಮೇಲೆ ಕುಳಿತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ.

ನಮ್ಮೂರಿನಲ್ಲಿ ಚಲಿಸುವ ವಸ್ತುವಿಗೆ ಹಾಕಿದ ಬೀಗ ಮಾತ್ರ ನಿಲ್ಲುತ್ತದೆ. ಹಾಗಾಗಿ ಒಡವೆ, ಮನೆಪತ್ರ, ಬೇರೆಯವರು ನೋಡಬಾರದ ಫೋಟೋ ಎಲ್ಲವೂ ಇರುವುದು ಗಾಡಿಯ ಡಬ್ಬಿಯಲ್ಲಿ, ಡ್ರೈವರ್ ಪಕ್ಕದ ಸೀಟಿನ ಎದುರಿಗಿರುತ್ತದಲ್ಲ, ಅದರಲ್ಲಿ. ಗಾಡಿ ಓಡಲೇಬೇಕೆಂದಿಲ್ಲ, ದಿನಕ್ಕೊಮ್ಮೆ ಸರಿದರೆ ಸಾಕು. ನಮ್ಮ ಮನೆಯ ಮುಂದಿನ ಕಾರಿಗೆ ಇಂಜಿನ್ನೇ ಇಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂರುತ್ತದೆ. ಸಂಜೆ ದೀಪ ಹಚ್ಚುವ ಮೊದಲು ಬೀದಿಯವರೆಲ್ಲ ಹೊರಗೆ ಬಂದು ಒಬ್ಬರ ಗಾಡಿಗೆ ಇನ್ನೊಬ್ಬರು ಕೈ ಕೊಟ್ಟು ಒಂದು ಮಾರು ತಳ್ಳುತ್ತಾರೆ, ಇವತ್ತು ಮುಂದಕ್ಕೆ, ನಾಳೆ ಹಿಂದಕ್ಕೆ. ಜಗಳವಾಡಿ ಮಾತು ಬಿಟ್ಟವರೂ ಆ ಹೊತ್ತಿಗೆ ಭುಜ ಕೊಡಲೇಬೇಕು. ಪೊಲೀಸರ ಲಾಕಪ್ಪು ಒಂದು ಲಾರಿ. ಕುಡಿದು ಗಲಾಟೆ ಮಾಡಿದವರನ್ನು ತುಂಬಿಕೊಂಡು ರಾತ್ರಿಯಿಡೀ ಕೆರೆ ಏರಿಯ ಮೇಲೆ ತಿರುಗುತ್ತದೆ, ಬೆಳಗ್ಗೆ ಅವರು ವಾಂತಿ ಮಾಡಿಕೊಂಡು ಇಳಿಯುತ್ತಾರೆ. ಬ್ಯಾಂಕು ಒಂದು ಬಸ್ಸು. ಅದನ್ನು ರಾತ್ರಿ ಪಾಳಿಯಲ್ಲಿ ಓಡಿಸುವವರು ನನ್ನ ಗಂಡ. ಮದುವೆಯಾದಾಗಿನಿಂದ ಅವರು ರಾತ್ರಿ ಮನೆಯಲ್ಲಿ ಮಲಗಿದ್ದು ಜ್ವರ ಬಂದಾಗ ಮಾತ್ರ.

ಅಡುಗೆಮನೆಯ ನೆಲದ ಮೇಲೆ ಕುಳಿತ ನನಗೆ ಮೊದಲು ಹೊಳೆದದ್ದು ಅದೇ. ಈ ಬೀಗ ನಿಜವಾದರೆ ಬ್ಯಾಂಕು ನಿಲ್ಲಬಹುದು. ನನ್ನ ಗಂಡ ರಾತ್ರಿ ಮನೆಯಲ್ಲಿ ಮಲಗಬಹುದು.

ಅತ್ತೆ ತುಂಗಮ್ಮ ಊರಿಗೆಲ್ಲ ಡಬ್ಬಿ ಬೀಗ ಕೂಡಿಸಿಕೊಟ್ಟವರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಮೇಜು ನನಗೆ ಬಂತು. ಫಿಸಿಕ್ಸ್ ಓದಿದ ಸೊಸೆ ಸ್ಪ್ರಿಂಗು ಹಾರಿಸುವುದರಲ್ಲಿ ಪದವಿ ಪಡೆದಿದ್ದಾಳೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಕೆಲಸ ನೋಡುವುದಕ್ಕೆ ಸಣ್ಣದು. ಹೆಬ್ಬೆರಳಿನಷ್ಟು ಗಾತ್ರದ ಉರುಳೆ, ಅದರಲ್ಲಿ ಐದು ಸೀಳು. ಕೀಲಿಕೈಯನ್ನು ಅಳತೆ ಪಟ್ಟಿಯ ಮೇಲಿಟ್ಟು ಪ್ರತಿಯೊಂದು ಕಚ್ಚು ಎಷ್ಟು ಆಳ ಎಂದು ಓದಬೇಕು. ಆಳಗಳು ನಾಲ್ಕು ಬಗೆ. ಆಳಕ್ಕೆ ತಕ್ಕ ಹಿತ್ತಾಳೆ ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ಆಯಾ ಸೀಳಿನಲ್ಲಿ ಇಳಿಸಬೇಕು, ಒಂದೊಂದರ ಮೇಲೂ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಸ್ಪ್ರಿಂಗು ಕೂರಿಸಬೇಕು, ಎಲ್ಲದರ ಮೇಲೆ ಮುಚ್ಚುಪಟ್ಟಿ ಒತ್ತಬೇಕು. ಆಮೇಲೆ ಕೀಲಿಕೈ ತೂರಿಸಿದರೆ ಎದ್ದು ನಿಂತಿದ್ದ ಬಿಲ್ಲೆಗಳೆಲ್ಲ ಒಟ್ಟಿಗೆ ತಲೆ ತಗ್ಗಿಸಿ ಉರುಳೆಗೆ ಸಮನಾಗುತ್ತವೆ. ಒಂದು ಕೂದಲಿನಷ್ಟು ಎದ್ದರೂ ಲೆಕ್ಕ ತಪ್ಪಿದೆ ಎಂದರ್ಥ. ಸಮನಾದವೆಂದು ಬೆರಳಿನಿಂದ ಸವರಿ ನೋಡಿ, ಮುಚ್ಚುಪಟ್ಟಿಯ ಅಂಚನ್ನು ಉಳಿಯಿಂದ ತಟ್ಟಿ ಮಡಚಿದರೆ ಮುಗಿಯಿತು, ಇನ್ನು ಅದನ್ನು ಒಡೆಯದೆ ಬಿಚ್ಚಲಾಗದು.

ಮದುಮಗಳ ಡಬ್ಬಿಗೆ, ಎಂದರೆ ಅವಳ ಗಾಡಿಯ ಡಬ್ಬಿಗೆ, ಮಾತ್ರ ಬೇರೆ ಕ್ರಮ. ನಾಲ್ಕು ಬಿಲ್ಲೆ ನಾವು ಹಾಕುತ್ತೇವೆ. ಐದನೆಯದನ್ನು ಮದುಮಗಳೇ ಬಂದು, ಯಾರಿಗೂ ತೋರಿಸದೆ ಆರಿಸಿ, ತನ್ನ ಕೈಯಿಂದಲೇ ಇಳಿಸಬೇಕು. ಅದಕ್ಕೆ ತಕ್ಕಂತೆ ಕೀಲಿಕೈಯ ಕೊನೆಯ ಕಚ್ಚನ್ನು ಅರದಿಂದ ಉಜ್ಜಿಕೊಡುತ್ತೇವೆ. ಆ ಕೀಲಿಕೈ ಒಂದೇ ಒಂದು. ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ.

ಆ ಬುಧವಾರ ನಾನು ಕೂಡಿಸಿದ್ದು ಪಾರಿಜಾತಳ ಡಬ್ಬಿ ಬೀಗ. ಅಕ್ಕಿ ಗಿರಣಿಯ ಮರಿಸ್ವಾಮಿಯ ತಂಗಿ ಅವಳು. ಮದುವೆ ಭಾನುವಾರ ಇತ್ತು. ನಾಲ್ಕನೆಯ ಸ್ಪ್ರಿಂಗು ಚಿಮಟದಿಂದ ಹಾರಿ ಹಾಸುಗಲ್ಲಿನ ಮೇಲೆ ಎಲ್ಲೋ ಬಿತ್ತು. ನಮ್ಮ ಮೇಜಿನ ಕೆಳಗಿನ ಸಂದುಗಳಲ್ಲಿ ಎರಡು ತಲೆಮಾರಿನ ಸ್ಪ್ರಿಂಗುಗಳಿವೆ. ಹೊಸ ಪೊಟ್ಟಣ ಬಂದಿರಲಿಲ್ಲ. ಡ್ರಾಯರ್ ತಡಕಿದಾಗ ಅತ್ತೆಯ ಏಕತಾರಿಯಿಂದ ಕಿತ್ತುಹೋದ ಹಳೆಯ ತಂತಿ ಸಿಕ್ಕಿತು. ಅದರ ತುದಿಯನ್ನು ಸೂಜಿಗೆ ಸುತ್ತಿ ಒಂದು ಸ್ಪ್ರಿಂಗು ಮಾಡಿ ಕೂರಿಸಿದೆ. ಐದನೆಯ ಸೀಳು ಖಾಲಿ ಬಿಟ್ಟು, ಎಲ್ಲ ಬೀಗವನ್ನೂ ಪರೀಕ್ಷೆಗೆ ಹಾಕುವಂತೆ ಅದನ್ನೂ ಅಕ್ಕಿ ಪೆಟ್ಟಿಗೆಯ ಮುಚ್ಚಳದ ತೂತಿಗೆ ಹಾಕಿ ಮಲಗಿದ್ದೆ.

ಬೆಳಗಾಗುತ್ತಲೇ ಉರುಳೆಯನ್ನು ಹೊರತೆಗೆದು ಕಿವಿಗೆ ಹಿಡಿದೆ. ಒಳಗೆ ಏನೋ ನಡುಗುತ್ತಿತ್ತು. ದೂರದಲ್ಲಿ ಯಾರೋ ಏಕತಾರಿ ಮೀಟಿ ಕೈ ತೆಗೆದ ಮೇಲೆ ಉಳಿಯುವಂಥ ಸದ್ದು, ಆದರೆ ನಿಲ್ಲದ ಸದ್ದು. ಅಷ್ಟು ವರ್ಷ ಮೀಟಿಸಿಕೊಂಡ ತಂತಿ ಮುದುಡಿ ಕೂತರೂ ಸುಮ್ಮನಾಗಿರಲಿಲ್ಲ. ಪೆಟ್ಟಿಗೆ ನಿಂತಿತ್ತು, ಬೀಗದೊಳಗಿನದು ಓಡುತ್ತಲೇ ಇತ್ತು. ಕುಣಿಯಬೇಕೆನಿಸಿತು. ಆದರೆ ನಾನು ಮೂರು ಸಲ ನೋಡದೆ ಗ್ಯಾಸ್ ಆರಿಸಿದೆ ಎಂದು ನಂಬುವವಳಲ್ಲ. ಒಂದು ರಾತ್ರಿಯದು ಆಕಸ್ಮಿಕ ಇರಬಹುದು, ಇನ್ನೊಂದು ರಾತ್ರಿ ನೋಡಿ ಹೇಳೋಣ ಎಂದುಕೊಂಡೆ. ಪಾಳಿ ಮುಗಿಸಿ ಬಂದ ಗಂಡನಿಗೆ ಚಹ ಕೊಡುತ್ತಾ, “ಶನಿವಾರ ನಿಮಗೊಂದು ವಿಷಯ ಹೇಳ್ತೀನಿ,” ಎಂದೆ.

“ಈಗ್ಲೇ ಹೇಳು.”

“ಈಗ ಹೇಳಿದ್ರೆ ನೀವು ನಿದ್ದೆ ಮಾಡಲ್ಲ.”

“ಹೇಳದೆ ಇದ್ರೂ ಮಾಡಲ್ಲ ಕಣೆ,” ಎಂದು ನಕ್ಕು, ಲೋಟ ಕೆಳಗಿಡುವ ಮೊದಲೇ ನಿದ್ದೆ ಹೋದರು.

ಅದೇ ಮಧ್ಯಾಹ್ನ ಪಾರಿಜಾತ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು, ಕಾಲಲ್ಲಿ ಲೇಸು ಕಟ್ಟುವ ಕ್ಯಾನ್ವಾಸ್ ಶೂ. ಊರಿನ ಅರ್ಧ ಕೆಟ್ಟ ಗಾಡಿಗಳನ್ನು ಸ್ಟಾರ್ಟ್ ಮಾಡಿಕೊಡುತ್ತಿದ್ದವಳು ಅವಳೇ. ಗಿರಣಿಯ ಲಾರಿಯನ್ನು ಅವಳಷ್ಟು ನಯವಾಗಿ ಹಿಂದಕ್ಕೆ ತೆಗೆಯುವವರಿರಲಿಲ್ಲ. ನಾನು ಬಿಲ್ಲೆಗಳ ತಟ್ಟೆಯನ್ನು ಮುಂದಿಟ್ಟು ಮುಖ ತಿರುಗಿಸಿ ಕುಳಿತೆ. ಬಹಳ ಹೊತ್ತು ಬಿಲ್ಲೆಗಳ ಕಿಣಿಕಿಣಿ ಕೇಳಿಸಿತು.

“ಅಕ್ಕಾ, ಖಾಲಿ ಬಿಟ್ರೆ ಏನಾಗುತ್ತೆ?”

“ನಾಲ್ಕರಿಂದಲೂ ಬೀಗ ನಡೆಯುತ್ತೆ. ಆದ್ರೆ ಅದು ನಿನ್ನ ಬೀಗ ಆಗಲ್ಲ.”

“ಹಂಗಾದ್ರೆ ಖಾಲೀನೇ ಇರ್ಲಿ ಬಿಡಿ.” ತಟ್ಟೆಯನ್ನು ನನ್ನ ಕಡೆ ಸರಿಸಿ ಹೇಳಿದಳು: “ಹೆದ್ದಾರಿ ಆಚೆ ಊರಲ್ಲಿ ಬಸ್ ಡಿಪೋದಲ್ಲಿ ಡ್ರೈವರ್ ಕೆಲಸಕ್ಕೆ ತಗೊಂಡಿದಾರೆ ನನ್ನ. ಸೋಮವಾರ ಸೇರ್ಬೇಕು. ಅಣ್ಣ ಭಾನುವಾರ ಮುಹೂರ್ತ ಇಡಿಸ್ದ.”

“ಮನೇಲಿ ಏನಂತಾರೆ?”

“ಅಳ್ತಾರೆ.” ಅವಳಿಗೆ ನಗು ತಡೆಯಲಾಗಲಿಲ್ಲ. “ಸರದಿ ಶುರುವಾಗಿದೆ ಅಕ್ಕ. ರಾತ್ರಿ ಮೊದಲ ಜಾವ ಅಮ್ಮ, ಆಮೇಲೆ ದೊಡ್ಡಮ್ಮ, ಬೆಳಗಿನ ಜಾವ ಸೋದರತ್ತೆ. ದೊಡ್ಡಮ್ಮನಿಗೆ ಕಣ್ಣೀರು ಬರಲ್ಲ, ಬರೀ ಮೂಗು ಎಳೀತಾಳೆ. ನಿನ್ನೆ ಕೂತಲ್ಲೇ ಗೊರಕೆ ಹೊಡೆದ್ಲು.”

ನಮ್ಮೂರಿನಲ್ಲಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕಾದರೆ ಇರುವುದು ಇದೊಂದೇ ದಾರಿ. ಬಾಗಿಲು ರಾತ್ರಿ ತೆರೆದುಕೊಳ್ಳುತ್ತದೆ, ಅತ್ತಾದರೂ ಕೂರಿಸಿಕೊಳ್ಳಬೇಕು. ಎಷ್ಟೋ ಮಂದಿ ಆ ಅಳುವಿಗೆ ಕರಗಿ ಉಳಿದಿದ್ದಾರೆ. ಕೆಲವರು ಹೋಗಿದ್ದಾರೆ. ಪಾರಿಜಾತ ಏನು ಮಾಡುವಳೆಂದು ನಾನು ಕೇಳಲಿಲ್ಲ. ಶೂ ನೋಡಿದ ಮೇಲೆ ಕೇಳುವ ಅಗತ್ಯವೂ ಇರಲಿಲ್ಲ.

ಉರುಳೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. ಗುರುವಾರ ರಾತ್ರಿಯೂ ಅಕ್ಕಿ ಪೆಟ್ಟಿಗೆ ಟಿಕ್ ಎನ್ನಲಿಲ್ಲ.

ಶುಕ್ರವಾರ ಬೆಳಗ್ಗೆ ನಾನು ಇನ್ನೂ ರಂಗೋಲಿ ಹಾಕುತ್ತಿದ್ದಾಗಲೇ ಮರಿಸ್ವಾಮಿ ಬೀಗ ಕೇಳಿಕೊಂಡು ಬಂದ, ಅತ್ತೆಗೆಂದು ಮೋಸಂಬಿ ಹಿಡಿದು. ಕೆಟ್ಟ ಮನುಷ್ಯನಲ್ಲ. ನಮ್ಮ ಕಾರು ಗುಂಡಿಗೆ ಇಳಿದಾಗಲೆಲ್ಲ ಎತ್ತಿಕೊಟ್ಟವನು. ನನ್ನೊಳಗೆ ಎರಡು ದಿನದಿಂದ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು. “ಮರಿಸ್ವಾಮಣ್ಣ, ಇಲ್ಲಿ ಬನ್ನಿ, ಈ ಮುಚ್ಚಳ ಎತ್ತಿ ನೋಡಿ,” ಎಂದು ಅಡುಗೆಮನೆಗೇ ಕರೆದುಕೊಂಡು ಹೋದೆ. ಅವನು ಎತ್ತಿದ. ಮತ್ತೆ ಎತ್ತಿದ. ಮುಖ ನನ್ನ ಕಡೆ ತಿರುಗಿದಾಗ ಅದು ಬೆಳ್ಳಗಾಗಿತ್ತು.

“ರಾತ್ರಿಯಿಂದ್ಲೂ?”

“ಎರಡು ರಾತ್ರಿಯಿಂದ.”

“ಅಯ್ಯೋ ವೈಜಮ್ಮ, ನೀವು ಊರನ್ನೇ ಉದ್ಧಾರ ಮಾಡ್ಬಿಟ್ರಿ!” ಎಂದು ಅವನು ಕೈ ಮುಗಿದ. ನನ್ನ ಕಣ್ಣಲ್ಲಿ ನೀರು ಬಂತು. ಬೀರುಗಳು, ಅಂಗಡಿಗಳು, ನಿಂತ ಬ್ಯಾಂಕು, ಮನೆಯಲ್ಲಿ ಮಲಗಿದ ಗಂಡ, ಎಲ್ಲವೂ ಒಮ್ಮೆಲೇ ಕಂಡವು. ಅವನು ಕೈ ಇಳಿಸದೆಯೇ ಕೇಳಿದ: “ಬಾಗಿಲಿಗೆ ಹಾಕಿದ್ರೂ ನಿಲ್ಲುತ್ತಾ?”

“ಯಾಕೆ ನಿಲ್ಲಬಾರದು?”

“ಮಹಡಿ ಕೋಣೆಗೆ. ಹೊರಗಿನಿಂದ.” ಗಿರಣಿಗೆ ಬೆಲ್ಟು ಬೇಕು ಎನ್ನುವಷ್ಟು ಸಲೀಸಾಗಿ ಹೇಳಿದ. “ಎರಡು ರಾತ್ರಿ ಅಷ್ಟೇ. ಅಮ್ಮ ಅತ್ತೂ ಅತ್ತೂ ಗಂಟಲು ಕಟ್ಕೊಂಡಿದಾಳೆ. ಇದೊಂದು ಸಿಕ್ಕಿದ್ರೆ ಅವಳಾದ್ರೂ ಮಲಗ್ತಾಳೆ.”

“ಮದುಮಗಳ ಡಬ್ಬಿ ಬೀಗ ಬಾಗಿಲಿಗೆ ಹಾಕ್ತಾರೇನೋ?” ಮೋಸಂಬಿ ಮೂಸುತ್ತಿದ್ದ ಅತ್ತೆ ನಡುಮನೆಯಿಂದ ಕೂಗಿದರು.

“ಆಮೇಲೆ ಅವಳ ಕಾರಿಗೇ ಹಾಕ್ತೀನಿ ತುಂಗಮ್ಮೋರೆ. ಅವಳ ಒಳ್ಳೇದಕ್ಕೇ ತಾನೆ?”

ನಮ್ಮೂರಿನಲ್ಲಿ ರಾತ್ರಿಯಿಡೀ ಕೋಣೆಯಲ್ಲಿ ಕೂಡಿಹಾಕಿಸಿಕೊಂಡ ಹೆಂಗಸು ಇಲ್ಲಿಯವರೆಗೆ ಒಬ್ಬಳೂ ಇಲ್ಲ. ಇನ್ನು ಇರುತ್ತಾಳೆ. ಒಬ್ಬಳೇ ಇರುವುದಿಲ್ಲ. ಈ ಎರಡು ದಿನ ಬೀಗ ಏನೇನನ್ನು ಕಾಯುತ್ತದೆಂದು ಯೋಚಿಸಿದ್ದೆನೇ ಹೊರತು ಯಾರನ್ನು ಎಂದು ಯೋಚಿಸಿರಲಿಲ್ಲ.

ಬೇರೆ ಮಾಡಿಕೊಡುತ್ತೇನೆ ಎಂದೆ. ಅವನು ಒಪ್ಪಲಿಲ್ಲ, ಅವನಿಗೆ ಅದೇ ಬೇಕು. ಸರಿ, ಅದರ ಕೀಲಿಕೈ ಪಾರಿಜಾತಳಿಗೆ ಸೇರಿದ್ದು, ನಿಮಗೆ ಕೊಡಲಾಗದು ಎಂದೆ. ಅವನು ಸೊಂಟದ ಗೊಂಚಲಿನಿಂದ ಜೀಪಿನ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟ. “ಇದಕ್ಕೇ ಹೊಂದಿಸಿ ಕೊಡಿ. ಇನ್ನೊಂದು ಕೀ ಯಾಕೆ?” ಎಂದು ಸ್ಟೂಲು ಎಳೆದುಕೊಂಡು ನನ್ನ ಮೊಣಕೈ ಪಕ್ಕದಲ್ಲೇ ಕುಳಿತ.

ಪೆಟ್ಟಿಗೆಯಿಂದ ಉರುಳೆ ತೆಗೆದು ತಂದು ಅವನ ಕಣ್ಣೆದುರಿಗೇ ಕೆಲಸ ಶುರುಮಾಡಿದೆ. ಜೀಪಿನ ಕೀಲಿಕೈಯನ್ನು ಅಳತೆ ಪಟ್ಟಿಯ ಮೇಲಿಟ್ಟೆ. ಒಂದು, ಮೂರು, ಮೂರು, ಎರಡು, ನಾಲ್ಕು. ಕಣ್ಣು ಆಳ ಓದುತ್ತಿತ್ತು, ತಲೆಯೊಳಗೆ ಬೇರೆಯೇ ಗದ್ದಲ. ಮುಚ್ಚುಪಟ್ಟಿಯ ಅಂಚು ಇನ್ನೂ ಮಡಚಿರಲಿಲ್ಲ, ಐದನೆಯ ಬಿಲ್ಲೆಗೆಂದು ಹಾಗೇ ಬಿಟ್ಟಿದ್ದೆ. ಅದನ್ನು ಎತ್ತಿದೆ. ಮೊದಲ ಸ್ಪ್ರಿಂಗು ತೆಗೆದು ತಟ್ಟೆಯಲ್ಲಿಟ್ಟೆ. ಎರಡನೆಯದು. ಮೂರನೆಯದು. ನಾಲ್ಕನೆಯದನ್ನು ಚಿಮಟದಲ್ಲಿ ಹಿಡಿದೆ. ಅದರ ನಡುಕ ಚಿಮಟದ ಕಾಲುಗಳಲ್ಲಿ ಏರಿ ನನ್ನ ಬೆರಳಿಗೆ ಬಂತು. ಚಿಮಟ ತಪ್ಪಿತು ಎಂದರೆ ಸುಳ್ಳಾಗುತ್ತದೆ. ನಾನು ಬೆರಳು ಸಡಿಲಿಸಿದೆ.

“ಹಾರ್ತು!” ಮರಿಸ್ವಾಮಿ ಎದ್ದುನಿಂತ.

“ಹಾರಿಸಿದಳಾ? ನಾನು ಹೇಳಿರಲಿಲ್ವಾ?” ಎಂದರು ಅತ್ತೆ, ಗೋಡೆ ಹಿಡಿದು ಬಂದು ಮೇಜಿನ ಪಕ್ಕ ಕೂರುತ್ತ.

ಅದು ಎಲ್ಲಿ ಬಿತ್ತೆಂದು ನನಗೆ ಗೊತ್ತಿತ್ತು. ಸೀರೆಯ ನೆರಿಗೆಯೊಳಗೆ ಸಿಕ್ಕಿ, ಹಿಡಿದ ದುಂಬಿಯ ಹಾಗೆ ತೊಡೆಯ ಮೇಲೆ ಗುಯ್‌ಗುಡುತ್ತಿತ್ತು. ನಾನು ಅಲುಗಾಡದೆ ಕುಳಿತೆ. ಮರಿಸ್ವಾಮಿ ಪಂಚೆ ಎತ್ತಿ ಕಟ್ಟಿ ಮಂಡಿಯೂರಿ, ಹಾಸುಗಲ್ಲಿನ ಸಂದುಗಳಲ್ಲಿ ಉಗುರು ಹಾಕಿ ಹುಡುಕತೊಡಗಿದ.

ಅತ್ತೆ ತಲೆ ಓರೆ ಮಾಡಿದರು. “ಎಲ್ಲೋ ತಂತಿ ಮೀಟಿದ ಹಾಗಿದೆಯಲ್ಲೇ ವೈಜಾ. ನಿನ್ನ ಹತ್ರಾನೇ.”

ಮೇಜಿನ ಕೆಳಗಿನಿಂದ ಮರಿಸ್ವಾಮಿಯ ತಲೆ ಹೊರಗೆ ಬಂತು.

“ಸೊಳ್ಳೆಗೂ ಹಾಗೇ ಸದ್ದಿರುತ್ತೆ ಅತ್ತೆ,” ಎಂದೆ.

ಅತ್ತೆ ನಶ್ಯದ ಡಬ್ಬಿಯನ್ನು ತೆಗೆದು ಅದರ ಮುಚ್ಚಳವನ್ನು ಬೆರಳಿನಿಂದ ಟಕಟಕ ತಟ್ಟುತ್ತ ಕುಳಿತರು. ಆ ಸದ್ದಿನಲ್ಲಿ ಗುಯ್ ಎನ್ನುವುದು ಮುಳುಗಿಹೋಯಿತು.

“ಸಿಕ್ತು! ಇಗೋ ಸಿಕ್ತು!” ಮರಿಸ್ವಾಮಿ ಚಿಕ್ಕ ಹುಡುಗನ ಹಾಗೆ ಕೂಗಿ ಅಂಗೈ ಚಾಚಿದ. ಎಷ್ಟು ವರ್ಷದ ಹಿಂದೆ ಯಾರ ಕೈಯಿಂದ ಹಾರಿದ್ದೋ, ಧೂಳು ಮೆತ್ತಿದ ಒಂದು ಸಾಧಾರಣ ಸ್ಪ್ರಿಂಗು. “ಇದೇ ತಾನೆ?”

“ಸ್ಪ್ರಿಂಗೇ. ಸ್ವಲ್ಪ ಒರೆಸಿ ಕೊಡಿ.”

ಅವನು ಶಲ್ಯದ ತುದಿಯಿಂದ ಶ್ರದ್ಧೆಯಾಗಿ ಒರೆಸಿ ಕೊಟ್ಟ. ಐದು ಬಿಲ್ಲೆ ಇಳಿಸಿದೆ, ಐದನೆಯದಕ್ಕೆ ಪಾರಿಜಾತಳಿಗೆಂದು ತೆಗೆದಿಟ್ಟಿದ್ದ ಸ್ಪ್ರಿಂಗು, ನಾಲ್ಕನೆಯದಕ್ಕೆ ಅವನು ಹುಡುಕಿದ್ದು. ಜೀಪಿನ ಕೀಲಿಕೈ ತೂರಿಸಿದೆ. ಬಿಲ್ಲೆಗಳೆಲ್ಲ ಒಟ್ಟಿಗೆ ತಲೆ ತಗ್ಗಿಸಿದವು. ಅಷ್ಟು ಸಮನಾದ ಉರುಳೆಯನ್ನು ನಾನು ಹಿಂದೆ ಕೂಡಿಸಿರಲಿಲ್ಲ. ಉಳಿ ಇಟ್ಟು ಅಂಚು ಮಡಚಿಬಿಟ್ಟೆ. ಇನ್ನು ಬಿಚ್ಚಿ ನೋಡುವ ಹಾಗಿಲ್ಲ.

ಅವನು ಹೋದ ಮೇಲೆ ನೆರಿಗೆಯಿಂದ ಸ್ಪ್ರಿಂಗನ್ನು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡೆ. ಆ ರಾತ್ರಿ ಬೀರು ಟಿಕ್ ಎಂದಿತು, ಟ್ರಂಕು ಕರಕರ ಎಂದಿತು, ಅಕ್ಕಿ ಪೆಟ್ಟಿಗೆಗೆ ಹಾಕಿದ್ದ ಹಳೆಯ ಬೀಗವೂ ಟಿಕ್ ಎಂದಿತು. ಗಿರಣಿ ಬೀದಿ ನಮ್ಮ ಮನೆಯಿಂದ ದೂರ. ಆದರೂ ಕಿಟಕಿಗೆ ಕಿವಿ ಕೊಟ್ಟು, ಅಷ್ಟೊಂದು ಟಿಕ್‌ಗಳ ನಡುವೆ ಮಹಡಿ ಕೋಣೆಯದನ್ನು ಹುಡುಕುತ್ತ ನಿಂತಿದ್ದೆ. ನಾನು ಏನಾದರೂ ತಪ್ಪು ಮಾಡಿದ್ದರೆ? ಅವನು ಹುಡುಕಿಕೊಟ್ಟದ್ದೂ ತಂತಿಯದೇ ಆಗಿದ್ದರೆ? ಬೆಳಗಾಗುವವರೆಗೆ ಕಿಟಕಿ ಬಿಡಲಿಲ್ಲ.

ಗಂಡ ಬಂದು ಬೂಟು ಬಿಚ್ಚುತ್ತ ತಗ್ಗಿದ ದನಿಯಲ್ಲಿ ಹೇಳಿದರು: “ರಾತ್ರಿ ಕೆರೆ ಏರಿ ಹತ್ರ ಒಂದು ಹುಡುಗಿ ಬಸ್ಸಿಗೆ ಕೈ ಅಡ್ಡ ಹಾಕಿದ್ಲು.”

“ನಿಲ್ಲಿಸಿದ್ರಾ?”

“ಬ್ಯಾಂಕು ನಿಲ್ಲಿಸೋಕಾಗುತ್ತಾ? ನಿಧಾನ ಮಾಡ್ದೆ. ಹತ್ಕೊಂಡ್ಲು. ಹೆದ್ದಾರಿ ಹತ್ರ ಮತ್ತೆ ನಿಧಾನ ಮಾಡ್ದೆ. ಇಳ್ಕೊಂಡ್ಲು.”

“ಕ್ಯಾಷಿಯರು ಏನೂ ಅನ್ನಲಿಲ್ವಾ?”

“ನಾನು ನಿದ್ದೆಯಲ್ಲಿದ್ದೆ ಕಣಯ್ಯಾ ಅಂತ ಅವರೇ ಹೇಳಿದ್ರು.”

“ಯಾರು ಅವಳು?”

“ಕತ್ತಲೆ. ಮುಖ ಕಾಣಲಿಲ್ಲ.” ಅವರು ಬೂಟನ್ನು ಗೋಡೆಗೆ ಒರಗಿಸಿಟ್ಟರು. “ಕಾಲಲ್ಲಿ ಶೂ ಇತ್ತು.”

ನಾನು ಒಳಗೆ ಹೋಗಿ, ಉರಿಯುತ್ತಿರದ ಒಲೆಯ ಮುಂದೆ ನಿಂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಣಿದೆ. ನಿಜವಾಗಿ ಕುಣಿದೆ. ತಟ್ಟೆಗಳು ಅಲುಗಿದವು.

ಮರಿಸ್ವಾಮಿ ಬಂದಾಗ ಬಿಸಿಲು ಏರಿತ್ತು. ಬೀಗವನ್ನು ಮೇಜಿನ ಮೇಲೆ ಕುಕ್ಕಿದ. “ಊರು ಉದ್ಧಾರ ಮಾಡೋ ಬೀಗವಂತೆ! ನಿಮ್ಮದೂ ಊರಿನ ಬೀಗಾನೇ ಅಲ್ವೇನ್ರೀ? ನಡುರಾತ್ರಿ ಟಿಕ್ ಅಂದಿದೆ. ಬೀಗ ಐತಲ್ಲ ಅಂತ ಎಲ್ಲಾ ಮಲಗಿದ್ವಿ. ಅಳೋಕೂ ಯಾರೂ ಕೂತಿರಲಿಲ್ಲ.” ಸ್ಟೂಲು ಎಳೆದು ಕುಳಿತ. “ಅಮ್ಮ ಇನ್ನೂ ಎದ್ದಿಲ್ಲ. ಎಷ್ಟು ದಿನದ ನಿದ್ದೆಯೋ. ಎದ್ದ ಮೇಲೆ ಏನಂತ ಹೇಳ್ಲಿ?”

ಅವನನ್ನು ನೋಡಿ ಸಂಕಟವಾಯಿತು.

“ನಿನ್ನೆ ಅಕ್ಕಿ ಪೆಟ್ಟಿಗೆ ತೆರೆದಿರಲಿಲ್ಲ. ನಾನೇ ಎತ್ತಿ ನೋಡಿದ್ದೆ. ಹೌದೋ ಅಲ್ವೋ?”

“ಹೌದು. ಅದೇ ಬೀಗಾನೇ ನಿಮ್ಮೆದುರಿಗೆ ಹೊಂದಿಸಿ ಕೊಟ್ಟೆ. ಸ್ಪ್ರಿಂಗೂ ನೀವೇ ಹುಡುಕಿ ಕೊಟ್ರಿ.”

“ಮುಚ್ಚಳ ಅಂಟಿಕೊಂಡಿತ್ತು ಕಣಪ್ಪ,” ಎಂದರು ಅತ್ತೆ, ಮೋಸಂಬಿ ಸುಲಿಯುತ್ತ. “ಹುಳ ಹಿಡೀಬಾರದು ಅಂತ ಅಕ್ಕಿಗೆ ಹರಳೆಣ್ಣೆ ಸವರಿಟ್ಟಿರ್ತೀವಿ. ಜಿಗುಟು. ಇವಳು ಅಷ್ಟಕ್ಕೇ ಕುಣಿದುಬಿಟ್ಟಳು. ಓದಿದವಳು ನೋಡು.”

ನಮ್ಮ ಮನೆಯಲ್ಲಿ ಅಕ್ಕಿಗೆ ಎಣ್ಣೆ ಸವರುವ ರೂಢಿ ಇಲ್ಲ. ಮರಿಸ್ವಾಮಿ ನನ್ನನ್ನು ಕನಿಕರದಿಂದ ನೋಡಿ, ಅತ್ತೆ ಕೊಟ್ಟ ಮೋಸಂಬಿಯ ಎರಡು ತೊಳೆ ತಿಂದು, ತಲೆ ಕೊಡವುತ್ತ ಹೋದ. ಸಂಜೆಯ ಹೊತ್ತಿಗೆ ವೈಜಮ್ಮನ ನಿಂತ ಬೀಗ ಬೀದಿಯ ನಗೆಯಾಗಿತ್ತು. ಅತ್ತೆ ನನ್ನ ಕಡೆ ತಿರುಗದೆಯೇ ಹೇಳಿದರು: “ಏಕತಾರಿಗೆ ಒಂದು ಹೊಸ ತಂತಿ ತರಿಸೇ. ಹಳೇದನ್ನ ನಾನು ಕೇಳಲ್ಲ.”

ತಂತಿಯ ಸ್ಪ್ರಿಂಗನ್ನು ಎಸೆಯಲು ಮನಸ್ಸು ಬರಲಿಲ್ಲ. ಅದನ್ನು ಹಾಕಿ ಒಂದು ಉರುಳೆ ಕೂಡಿಸಿ, ಅಂಚು ಮಡಚಿ, ನಮ್ಮ ಇಂಜಿನ್ ಇಲ್ಲದ ಕಾರಿನ ಡಬ್ಬಿಗೆ ಹಾಕಿಬಿಟ್ಟೆ. ದಿನವೂ ಸರಿಯುವ ಗಾಡಿಯ ಬೀಗ ತೆರೆಯದೆ ನಿಂತರೆ ಯಾರಿಗೂ ಆಶ್ಚರ್ಯವಿಲ್ಲ.

ದೀಪ ಹಚ್ಚುವ ಮೊದಲು ಬೀದಿಯವರು ಹೊರಗೆ ಬಂದರು. ಅತ್ತೆ ಸ್ಟೇರಿಂಗ್ ಹಿಡಿದು ಕುಳಿತರು, ಕೋಳಿ ಹಿಂದಿನ ಸೀಟಿನಲ್ಲಿ ಕೊಕ್ಕೊಕ್ ಎಂದಿತು. ಪಾಳಿಗೆ ಹೊರಟಿದ್ದ ಗಂಡ ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಪಕ್ಕ ಭುಜ ಕೊಟ್ಟರು. “ಶನಿವಾರ ಏನೋ ಹೇಳ್ತೀನಿ ಅಂದಿದ್ದೆ?”

ಅವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಹೇಳಿದರೆ ಇನ್ನು ಕೆಲವೇ ದಿನಕ್ಕೆ ಅವರು ರಾತ್ರಿ ಮನೆಯಲ್ಲಿರುತ್ತಿದ್ದರು. ಹೆದ್ದಾರಿಯ ಹತ್ತಿರ ನಿಧಾನ ಮಾಡಲು ಆಗ ಯಾವ ಬಸ್ಸೂ ಇರುತ್ತಿರಲಿಲ್ಲ.

“ಹಿಂದಿನ ಟೈರಿಗೆ ಗಾಳಿ ಕಮ್ಮಿಯಾಗಿದೆ,” ಎಂದೆ. ಅದೂ ನಿಜವೇ ಆಗಿತ್ತು.

“ತಳ್ರೋ!” ಎಂದರು ಅತ್ತೆ ಒಳಗಿನಿಂದ. ಸರಿಯಬೇಕಾದ ಅಗತ್ಯವೇ ಇಲ್ಲದ ಆ ಗಾಡಿಯನ್ನು ನಾನು ಮೈಯೆಲ್ಲ ಬಲ ಹಾಕಿ ತಳ್ಳಿದೆ. ಚಕ್ರ ಉರುಳಿತು. ಡಬ್ಬಿಯೊಳಗಿನ ತಂತಿಯ ಸದ್ದು ಅದರಲ್ಲಿ ಸೇರಿಹೋಯಿತು. ಇದನ್ನು ಯಾರಿಗೂ ಹೇಳುವುದಿಲ್ಲ, ಇವರಿಗೂ ಹೇಳುವುದಿಲ್ಲ ಎಂದು ಆ ಒಂದು ಮಾರು ಮುಗಿಯುವುದರೊಳಗೆ ನಿರ್ಧರಿಸಿದೆ.